ಕೈಗೆ ಕಾವಲಾದ ಕೋಲು

ಅಡಿಗೆಯ ಮನೆಯ ಈಳಿಗೆಮಣೆಯನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಚಾಕುವಿಗೂ ಅದಕ್ಕೂ ಇರುವ ಭೇದವೇನೆಂಬುದನ್ನು ಕ್ಷಣಕಾಲ ಆಲೋಚಿಸಬೇಕು. ಚಾಕುವಿನಿಂದ ಹೆಚ್ಚುವಾಗ ಕಾಯಿ ನಿಂತಿರುವುದು, ಅಲಗು ಚಲಿಸುವುದು. ಈಳಿಗೆಯಲ್ಲಿಯಾದರೋ ಅಲಗು ನಿಂತಿರುವುದು, ಕಾಯಿಯನ್ನು ಹಿಡಿದ ಕೈಯೇ ಅಲಗಿನ ಕಡೆಗೆ ಸಾಗುವುದು. ಆದುದರಿಂದಲೇ ಈಳಿಗೆಯ ಮುಂದೆ ಹೊಸದಾಗಿ ಕುಳಿತ ಮಕ್ಕಳಿಗೆ ಮನೆಯ ಹಿರಿಯರು, "ಕಾಯಿ ಮುಗಿಯುತ್ತ ಬಂತು, ಬೆರಳು ನೋಡಿಕೋ ಮಗು" ಎಂದು ಎಚ್ಚರಿಕೆ ಹೇಳುವರು. ಮೊದಲ ಹೋಳುಗಳಲ್ಲಿ ಬೆರಳು ಕೊಯ್ದುಕೊಂಡವರು ವಿರಳ. ಹಿಡಿಯಲು ಸ್ಥಳವೇ ಉಳಿಯದ ಕೊನೆಯ ತುಂಡಿನಲ್ಲಿ ಅಪಾಯವು ಕಾದಿರುವುದು.

ಮರಗೆಲಸದಲ್ಲಿ ಇದೇ ಭೇದವು ಕೈಗರಗಸಕ್ಕೂ ಗರಗಸದ ಮೇಜಿಗೂ ಉಂಟು. ಕೈಗರಗಸದಲ್ಲಿ ಮರ ನಿಂತಿರುವುದು, ಗರಗಸ ಓಡಾಡುವುದು. ಅಂಗಡಿಯವರು ಟೇಬಲ್ ಸಾ ಎಂದು ಕರೆಯುವ ಗರಗಸದ ಮೇಜಿನಲ್ಲಿ ದುಂಡಾದ ಹಲ್ಲಿನ ಬ್ಲೇಡು ಮೇಜಿನ ಸೀಳಿನಿಂದ ತಲೆಯೆತ್ತಿ, ಇದ್ದಲ್ಲಿಯೇ ಗಿರ್ರನೆ ತಿರುಗುತ್ತಿರುವುದು. ಮರವನ್ನು ಹಿಡಿದ ಕೈ ಅದರ ಬಳಿಗೆ ಹೋಗುವುದು. ಈಳಿಗೆಯು ತಾನಾಗಿ ಮುಂದೆ ಬಂದು ಯಾರನ್ನೂ ಕೊಯ್ಯುವುದಿಲ್ಲ. ಆದರೆ ಈ ಬ್ಲೇಡು ತಿರುಗುತ್ತಿರುವ ವಸ್ತುವಾದುದರಿಂದ ತನಗೆ ಸಿಕ್ಕಿದುದನ್ನು ಎಳೆದುಕೊಳ್ಳುವುದು, ಇಲ್ಲವೆ ಎತ್ತಿ ಎಸೆಯುವುದು. ಇದರ ಮುಂದೆ ಕೊನೆಯ ತುಂಡನ್ನು ಬರಿಗೈಯಿಂದ ತಳ್ಳುವುದು ಎಷ್ಟರ ಮಟ್ಟಿಗೆ ಉಚಿತ? ಅದಕ್ಕೆ ಬದಲಾಗಿ ಬಳಸತಕ್ಕ ತಳ್ಳುಗೋಲು ಮತ್ತು ತಳ್ಳುಮಣೆ ಎಂಬ ಎರಡು ಅಲ್ಪ ಸಾಧನಗಳ ವಿಚಾರವನ್ನು ಈ ಲೇಖನದಲ್ಲಿ ಗೃಹಸ್ಥರ ಮುಂದಿಡಬೇಕೆಂದು ಬಯಸಿದ್ದೇವೆ.

ಬಡಗಿಯ ಯಂತ್ರದ ಮಾತು ಮನೆವಂದಿಗರಿಗೆ ಏತಕ್ಕೆ ಎಂದು ಕೆಲವರು ಕೇಳಬಹುದು. ಹಿಂದೆ ಬಾಗಿಲು ಕಿಟಕಿಗಳು ಬಡಗಿಯ ಕೊಟ್ಟಿಗೆಯಲ್ಲಿ ಸಿದ್ಧವಾಗಿ ಮನೆಗೆ ಬರುತ್ತಿದ್ದುವು. ಈಗ ಪ್ಲೈವುಡ್ಡಿನ ಬೀರು, ಅಡಿಗೆಮನೆಯ ಗೂಡು, ಮಂಚ ಮೊದಲಾದುವನ್ನು ಮಾಡುವವರು ಯಂತ್ರವನ್ನು ತಂದು ನಮ್ಮ ಪಡಸಾಲೆಯಲ್ಲಿಯೇ ಹೂಡುವರು. ಮತ್ತೆ ಕೆಲವು ಗೃಹಸ್ಥರು ವಿರಾಮಕಾಲದ ವಿನೋದವಾಗಿ ಮರಗೆಲಸವನ್ನು ಕಲಿತು, ಇಂಥ ಮೇಜನ್ನು ತಾವೇ ಕೊಂಡು ಮನೆಯ ಹಿಂಭಾಗದಲ್ಲಿ ಇಟ್ಟುಕೊಂಡಿರುವರು. ಹೀಗಿರಲು ಈ ಯಂತ್ರವು ನಮ್ಮ ಹೊಸ್ತಿಲನ್ನು ದಾಟಿ ಒಳಗೆ ಬಂದಿದೆಯೆಂದೇ ತಿಳಿಯತಕ್ಕದ್ದು.

ಒಂದು ಕೈಯ ಕಥೆ

ಕಳೆದ ವರ್ಷ ನಮ್ಮ ಮನೆಯಲ್ಲಿ ಪುಸ್ತಕದ ಬೀರುವಿನ ಕೆಲಸ ನಡೆಯಿತು. ಕೆಲಸಕ್ಕೆ ಬಂದವರು ಅರವತ್ತರ ಸಮೀಪದ ಒಬ್ಬ ಆಚಾರ್ಯರು, ಜೊತೆಗೆ ಇಪ್ಪತ್ತು ವರ್ಷದ ಅವರ ಮಗ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವರ ಬಲಗೈಯ ತೋರುಬೆರಳೂ ನಡುಬೆರಳೂ ಒಂದೊಂದು ಗೆಣ್ಣಿನಷ್ಟು ಮೊಟಕಾಗಿದ್ದುದು ನಮ್ಮ ಕಣ್ಣಿಗೆ ಬಿತ್ತು. ಕೇಳಬಾರದೆಂದುಕೊಂಡರೂ ಕೇಳಿಬಿಟ್ಟೆವು.

"ಎರಡಂಗುಲದ ರೀಪು ಸ್ವಾಮಿ," ಎಂದರು ಆಚಾರ್ಯರು. "ಆ ದಿನ ಬೆಳಗಿನಿಂದ ರೀಪು ಸೀಳುತ್ತಲೇ ಇದ್ದೆ. ಎಷ್ಟೋ ಸೀಳಿದ್ದೆ, ಏನೂ ಆಗಿರಲಿಲ್ಲ. ಕೊನೆಯದೊಂದು ಮುಗಿಸಿ ಏಳೋಣ ಎಂದುಕೊಂಡೆ. ಮರ ಸರಕ್ಕನೆ ಮುಂದಕ್ಕೆ ಹೋಯಿತು, ಕೈಯೂ ಅದರ ಹಿಂದೆಯೇ ಹೋಯಿತು. ನೋವು ಆಮೇಲೆ ಬಂತು. ಮೊದಲು ನನಗೆ ಗೊತ್ತೇ ಆಗಲಿಲ್ಲ."

"ಈಗ ಕೆಲಸಕ್ಕೆ ತೊಂದರೆಯಾಗುವುದಿಲ್ಲವೆ, ಆಚಾರ್ರೇ?"

"ಉಳಿ ಹಿಡಿಯುವುದನ್ನು ಹೇಗೋ ಅಭ್ಯಾಸ ಮಾಡಿಕೊಂಡೆ. ಅನ್ನ ಕಲಸುವಾಗ ಮಾತ್ರ ದಿನವೂ ನೆನಪಾಗುತ್ತದೆ."

ಊಟವಾದ ಮೇಲೆ ಮಗನು ಯಂತ್ರವನ್ನು ಮತ್ತೆ ಹೂಡಿದನು. ಅವನು ರೀಪನ್ನು ತಳ್ಳುತ್ತಿದ್ದುದು ಬರಿಗೈಯಿಂದಲೇ. ಆ ಬೆರಳುಗಳು ತಿರುಗುವ ಬ್ಲೇಡಿನಿಂದ ಎರಡಂಗುಲದ ದೂರದಲ್ಲಿ ಹಾದುಹೋಗುವುದನ್ನು ತಂದೆಯವರು ನೋಡುತ್ತ ನಿಂತಿದ್ದರು. ನಾವು, "ಮಗನ ಕೈಗೆ ಒಂದು ಕೋಲನ್ನಾದರೂ ಕೊಡಬಾರದೆ?" ಎಂದೆವು. "ಕೋಲು ಹುಡುಕುತ್ತ ನಿಂತರೆ ಕೆಲಸ ಸಾಗುವುದಿಲ್ಲ ಸ್ವಾಮಿ," ಎಂಬುದೇ ಅವರ ಉತ್ತರವಾಯಿತು.

ಈ ಉತ್ತರದ ಮೇಲೆ ನಾವು ಬಹಳವಾಗಿ ಆಲೋಚಿಸಿದೆವು. ಆಚಾರ್ಯರು ಅಪಾಯವನ್ನು ಅರಿಯದವರಲ್ಲ. ಅದನ್ನು ಅವರಷ್ಟು ಬಲ್ಲವರು ಯಾರು? ಕೋಲು ಬೇಡವೆಂದೂ ಅವರು ಹೇಳಲಿಲ್ಲ. ಹುಡುಕಲು ಹೊತ್ತಿಲ್ಲವೆಂದು ಹೇಳಿದರು. ಹಾಗಾದರೆ ಹುಡುಕಬೇಕಾಗದಂತೆ ಅದು ಕೈಯಳತೆಯಲ್ಲಿ ಸಿದ್ಧವಾಗಿದ್ದಿದ್ದರೆ? ಈ ವಿಷಯದ ಮರ್ಮವೆಲ್ಲ ಇಲ್ಲಿದೆಯೆಂದು ನಮಗೆ ತೋರಿತು.

ಯಂತ್ರದ ಸ್ವಭಾವ

ಕೋಲಿನ ಉಪಯೋಗವನ್ನು ಅರಿಯಬೇಕಾದರೆ ಮೊದಲು ಯಂತ್ರದ ಗುಣವನ್ನು ಅರಿಯಬೇಕು. ಸಾಮಾನ್ಯವಾಗಿ ದೊರೆಯುವ ಗರಗಸದ ಮೇಜಿನ ಬ್ಲೇಡು 10 ಅಂಗುಲ ವ್ಯಾಸದ್ದು. ಅದು ನಿಮಿಷಕ್ಕೆ 4000 ಸುತ್ತು ತಿರುಗುವುದೆಂದು ಇಟ್ಟುಕೊಂಡರೆ, ಅದರ ಅಂಚಿನ ಹಲ್ಲುಗಳ ವೇಗವು ಗಂಟೆಗೆ ಸುಮಾರು 190 ಕಿಲೋಮೀಟರು ಆಗುವುದು. ಬ್ಲೇಡಿನಲ್ಲಿ 40 ಹಲ್ಲುಗಳಿದ್ದರೆ ಒಂದು ಸೆಕೆಂಡಿನಲ್ಲಿ 2600ಕ್ಕೂ ಹೆಚ್ಚು ಹಲ್ಲುಗಳು ಒಂದೇ ಸ್ಥಳವನ್ನು ಹಾದುಹೋಗುವುವು. ಏನೋ ತಗಲಿತೆಂದು ಮನಸ್ಸಿಗೆ ತಿಳಿದು ಮನುಷ್ಯನು ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳಲು ಸೆಕೆಂಡಿನ ಐದನೆಯ ಒಂದು ಪಾಲಾದರೂ ಬೇಕು. ಅಷ್ಟರೊಳಗೆ 500 ಹಲ್ಲುಗಳು ತಮ್ಮ ಕೆಲಸವನ್ನು ಮುಗಿಸಿರುವುವು. ಆದುದರಿಂದ "ನಾನು ಚುರುಕಾಗಿದ್ದೇನೆ, ಕೈ ತೆಗೆದುಬಿಡುತ್ತೇನೆ" ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ಚುರುಕುತನವು ಈ ಯಂತ್ರದ ಮುಂದೆ ರಕ್ಷಣೆಯಾಗದು, ದೂರವೊಂದೇ ರಕ್ಷಣೆ.

ಎರಡನೆಯದಾಗಿ, ಮರವು ಒದೆಯುವುದೆಂದು ಬಡಗಿಗಳು ಹೇಳುವ ಅನಾಹುತವೊಂದುಂಟು. ಬ್ಲೇಡಿನ ಒಂದು ಪಕ್ಕದಲ್ಲಿ ಅದಕ್ಕೆ ಸಮಾಂತರವಾಗಿ ಗೈಡು ಎಂಬ ನೆಟ್ಟನೆಯ ಪಟ್ಟಿಯಿರುವುದು. ಹಲಗೆಯನ್ನು ಉದ್ದಕ್ಕೆ ಸೀಳುವಾಗ ಅದರ ಅಂಚನ್ನು ಗೈಡಿಗೆ ಒತ್ತಿಕೊಂಡು ತಳ್ಳುವರು. ನಮ್ಮ ಕಡೆಗೆ ಮುಖಮಾಡಿದ ಹಲ್ಲುಗಳು ಕೆಳಮುಖವಾಗಿ ಇಳಿದು ಮರವನ್ನು ಮೇಜಿಗೆ ಒತ್ತುವುವು, ಇದರಿಂದ ತೊಂದರೆಯಿಲ್ಲ. ಆದರೆ ಬ್ಲೇಡಿನ ಹಿಂಭಾಗದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏರುತ್ತ ನಮ್ಮ ಕಡೆಗೆ ಹೊರಳುವುವು. ಸೀಳಿದ ಹಲಗೆಯು ಕೊಂಚ ಓರೆಯಾಗಿ ಆ ಹಿಂಭಾಗದ ಹಲ್ಲುಗಳಿಗೆ ತಗಲಿದರೆ, ಅಥವಾ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿದುಕೊಂಡರೆ, ಹಲ್ಲುಗಳು ಹಲಗೆಯನ್ನು ಎತ್ತಿ ಕೆಲಸಗಾರನ ಮೇಲೆಯೇ ಎಸೆಯುವುವು. ಹೊಟ್ಟೆಗೋ ಮುಖಕ್ಕೋ ಬೀಳುವ ಪೆಟ್ಟು ಒಂದು ಕೇಡು. ಅದಕ್ಕಿಂತ ಹೆಚ್ಚಿನ ಕೇಡೆಂದರೆ, ಕೈಗೆ ಆಧಾರವಾಗಿದ್ದ ಹಲಗೆಯು ಒಮ್ಮೆಲೇ ಇಲ್ಲವಾಗಿ, ಮುಂದಕ್ಕೆ ಭಾರ ಹಾಕಿದ್ದ ಕೈ ಬ್ಲೇಡಿನ ಮೇಲೆ ಬೀಳುವುದು. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಇದೆಲ್ಲವೂ ಆಗಿಹೋಗುವುದು.

ಅಮೆರಿಕ ದೇಶದಲ್ಲಿ ಮನೆಮನೆಗಳಲ್ಲಿಯೂ ಈ ಯಂತ್ರದ ಬಳಕೆ ಬಹಳ. 2011ರಲ್ಲಿ ಅಲ್ಲಿಯ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಈ ವಿಷಯವನ್ನು ಕೈಗೆತ್ತಿಕೊಂಡಾಗ, ಗರಗಸದ ಮೇಜಿನಿಂದ ಬೆರಳು ಮೊದಲಾದ ಅಂಗವನ್ನು ಕಳೆದುಕೊಳ್ಳುವವರು ದಿನವೊಂದಕ್ಕೆ ಸುಮಾರು ಹತ್ತು ಮಂದಿ ಎಂದು ಅಂದಾಜು ಮಾಡಲಾಗಿತ್ತು. ಸಾಧನಸಂಪತ್ತಿಯೂ ತಿಳಿವಳಿಕೆಯ ಪುಸ್ತಕಗಳೂ ಬೇಕಾದಷ್ಟಿರುವ ದೇಶದ ಸ್ಥಿತಿಯಿದು.

ಕಾನೂನಿನಲ್ಲಿ ಕೋಲು

ದುಂಡು ಬ್ಲೇಡಿನ ಗರಗಸವು ಹೊಸದೇನೂ ಅಲ್ಲ. 1777ರಲ್ಲಿಯೇ ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಸಾಮ್ಯುಯೆಲ್ ಮಿಲ್ಲರ್ ಎಂಬಾತನು ಪಡೆದ ಪೇಟೆಂಟಿನಲ್ಲಿ ಅದರ ಪ್ರಸ್ತಾಪವಿದೆ. ಆ ದೇಶದಲ್ಲಿ 1922ರಲ್ಲಿ ಮರಗೆಲಸದ ಯಂತ್ರಗಳಿಗಾಗಿ ಮಾಡಿದ ನಿಯಮಗಳಲ್ಲಿ, ಕೈಯಿಂದ ಮರವನ್ನು ಊಡುವ ಪ್ರತಿಯೊಂದು ಚಕ್ರಗರಗಸದ ಮೇಜಿನ ಬಳಿಯಲ್ಲಿಯೂ ತಕ್ಕುದಾದ ತಳ್ಳುಗೋಲು ಸಿದ್ಧವಾಗಿರಬೇಕೆಂದು ವಿಧಿಸಲಾಯಿತು. ನಮ್ಮ ದೇಶದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯ ಕೆಳಗೆ ರಾಜ್ಯಗಳು ರಚಿಸಿದ ನಿಯಮಗಳಲ್ಲಿಯೂ ತಳ್ಳುಗೋಲನ್ನು ಒದಗಿಸಬೇಕೆಂಬ ಮಾತು ಸೇರಿತು. "ಸಿದ್ಧವಾಗಿರಬೇಕು" ಎಂಬ ಪದವನ್ನು ವಾಚಕರು ಗಮನಿಸಬೇಕು. ಬೇಕಾದಾಗ ಹುಡುಕಿ ತರುವ ಕೋಲಿಗೂ ಮೊದಲೇ ಮೇಜಿನ ಬಳಿ ಇರುವ ಕೋಲಿಗೂ ಇರುವ ಅಂತರವನ್ನು ನೂರು ವರ್ಷಗಳ ಹಿಂದೆಯೇ ಆ ನಿಯಮವನ್ನು ಬರೆದವರು ಕಂಡುಕೊಂಡಿದ್ದರು.

ಆದರೆ ಈ ಕಾನೂನು ಯಾರನ್ನು ತಲಪುವುದು? ವಿದ್ಯುಚ್ಛಕ್ತಿಯನ್ನು ಬಳಸಿ ಕನಿಷ್ಠ ಹತ್ತು ಮಂದಿಯಾದರೂ ದುಡಿಯುವ ಸ್ಥಳವನ್ನೇ 1948ರ ಕಾಯಿದೆಯು ಸಾಮಾನ್ಯವಾಗಿ ಕಾರ್ಖಾನೆಯೆಂದು ಎಣಿಸುತ್ತಿತ್ತು. 2025ರ ನವೆಂಬರ್ ತಿಂಗಳಲ್ಲಿ ಅದರ ಸ್ಥಾನಕ್ಕೆ ಬಂದಿರುವ 2020ರ ಸಂಹಿತೆಯಲ್ಲಿ ಆ ಸಂಖ್ಯೆಯು ಇಪ್ಪತ್ತಕ್ಕೆ ಏರಿದೆ. ತಂದೆ ಮಗ ಇಬ್ಬರೇ ನಮ್ಮ ಪಡಸಾಲೆಯಲ್ಲಿ ಕೆಲಸ ಮಾಡುವಾಗ ಪರೀಕ್ಷಿಸಲು ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ನೋಡಿಕೊಳ್ಳತಕ್ಕವರು ಮನೆಯ ಯಜಮಾನರೇ ಸರಿ.

ತಳ್ಳುಗೋಲನ್ನು ಮಾಡುವ ಕ್ರಮ

ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ತಳ್ಳುಗೋಲುಗಳು ದೊರೆಯುವುವು. ಹೊಸ ಯಂತ್ರದೊಡನೆ ಒಂದನ್ನು ಕೊಡುವುದೂ ಉಂಟು. ಆದರೆ ಮನೆಯಲ್ಲಿಯೇ ಅರ್ಧ ಗಂಟೆಯಲ್ಲಿ ಇದನ್ನು ಮಾಡಿಕೊಳ್ಳಬಹುದು. 12 ಮಿಲಿಮೀಟರು ದಪ್ಪದ ಪ್ಲೈವುಡ್ಡಿನ ಉಳಿಕೆ ತುಂಡು ಸಾಕು. ಉದ್ದವು ಒಂದು ಮೊಳ, ಎಂದರೆ 18 ಅಂಗುಲ ಇರಲಿ. ಇದಕ್ಕಿಂತ ಗಿಡ್ಡವಾದರೆ ಕೈ ಬ್ಲೇಡಿನ ಸಮೀಪಕ್ಕೆ ಬರುವುದಾಗಿ, ಕೋಲಿನ ಪ್ರಯೋಜನವೇ ಕೆಟ್ಟುಹೋಗುವುದು. ಹಿಂದಿನ ಕೊನೆಯನ್ನು ಮುಷ್ಟಿಗೆ ಹೊಂದುವಂತೆ ದುಂಡಗೆ ಮಾಡಿ, ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಬೇಕು. ಮುಂದಿನ ಕೊನೆಯಲ್ಲಿ ಹಲಗೆಯ ಹಿಂದಣ ಅಂಚು ಕುಳಿತುಕೊಳ್ಳುವಂತೆ ಚೌಕಮೂಲೆಯ ಒಂದು ಕಚ್ಚನ್ನು ಕೊಯ್ಯಬೇಕು. ಈ ಕಚ್ಚಿನ ಒಂದು ಮುಖವು ಹಲಗೆಯನ್ನು ಮುಂದಕ್ಕೆ ತಳ್ಳುವುದು, ಇನ್ನೊಂದು ಮುಖವು ಅದನ್ನು ಮೇಲಿನಿಂದ ಒತ್ತಿ ಹಿಡಿಯುವುದು. ಕಚ್ಚಿಲ್ಲದ ಬರಿಯ ಕಡ್ಡಿಯು ಜಾರುವುದು. ಜಾರಿದ ಕೋಲು ಕೋಲಿಲ್ಲದುದಕ್ಕಿಂತಲೂ ಅಪಾಯಕರ.

ಗಟ್ಟಿ ಮರದಿಂದ ಮಾಡುವುದಾದರೆ ಮರದ ಎಳೆಯು ಕೋಲಿನ ಉದ್ದಕ್ಕೆ ನೇರವಾಗಿ ಹರಿದಿರಬೇಕು. ಎಳೆಯು ಅಡ್ಡವಾಗಿದ್ದರೆ, ಅಥವಾ ಗಂಟಿದ್ದರೆ, ಒತ್ತಡ ಬಿದ್ದಾಗ ಕೋಲು ಥಟ್ಟನೆ ಮುರಿಯುವುದು. ಎಳೆಗಳು ಪದರಪದರವಾಗಿ ಅಡ್ಡಡ್ಡ ಕೂಡಿರುವ ಪ್ಲೈವುಡ್ಡಿಗೆ ಈ ದೋಷವಿಲ್ಲ. ಕಬ್ಬಿಣದ ಸರಳು, ತಗಡು ಮೊದಲಾದುವನ್ನು ಎಂದಿಗೂ ಬಳಸಬಾರದು. ಬ್ಲೇಡು ಮರದ ಕೋಲಿಗೆ ತಗಲಿದರೆ ಕೋಲು ಸವೆಯುವುದು, ಕಬ್ಬಿಣಕ್ಕೆ ತಗಲಿದರೆ ಹಲ್ಲು ಮುರಿದು ಗುಂಡಿನಂತೆ ಹಾರುವುದು.

ಇನ್ನು ಎರಡು ಸಣ್ಣ ಸಂಗತಿಗಳು. ಕೋಲಿನ ಹಿಡಿಯಲ್ಲಿ ಒಂದು ತೂತು ಕೊರೆದು ಅದನ್ನು ಮೇಜಿನ ಪಕ್ಕದ ಮೊಳೆಗೆ ತಗಲುಹಾಕಬೇಕು. ಅದಕ್ಕೆ ಕೆಂಪು ಅಥವಾ ಹಳದಿ ಬಣ್ಣವನ್ನು ಬಳಿಯಬೇಕು. ಬಣ್ಣವಿಲ್ಲದ ಕೋಲು ಉಳಿಕೆ ತುಂಡುಗಳ ರಾಶಿಯಲ್ಲಿ ಸೇರಿ ಸಂಜೆಯ ವೇಳೆಗೆ ಒಲೆಗೆ ಹೋಗುವುದು. ಮರುದಿನ ಹುಡುಕುವವರ ಮಾತು ನಮ್ಮ ಆಚಾರ್ಯರ ಮಾತಿನಂತೆಯೇ ಆಗುವುದು.

ತಳ್ಳುಮಣೆ

ಕೋಲಿಗೆ ಒಂದು ಕೊರತೆಯುಂಟು. ಅದು ಹಲಗೆಯನ್ನು ಹಿಂದಣ ತುದಿಯ ಒಂದೇ ಬಿಂದುವಿನಲ್ಲಿ ತಳ್ಳುವುದು. ಹಿಂದೆ ಒತ್ತಿದಾಗ ಹಲಗೆಯ ಮುಂಭಾಗವು ಮೇಲೇಳಬಹುದು, ಇಲ್ಲವೆ ಪಕ್ಕಕ್ಕೆ ಹೊರಳಬಹುದು. ಮೇಲೇರುವ ಹಿಂಭಾಗದ ಹಲ್ಲುಗಳು ಇದನ್ನೇ ಕಾಯುತ್ತಿರುವುವು. ಆದುದರಿಂದ ಅಗಲ ಕಿರಿದಾದ, ಉದ್ದ ಹೆಚ್ಚಿಲ್ಲದ ತುಂಡುಗಳಿಗೆ ತಳ್ಳುಮಣೆಯು ಮೇಲು.

ಇದರ ರೂಪವು ಇಸ್ತ್ರಿಪೆಟ್ಟಿಗೆಯನ್ನು ಹೋಲುವುದೆನ್ನಬಹುದು. 18 ಮಿಲಿಮೀಟರು ದಪ್ಪದ ಪ್ಲೈವುಡ್ಡನ್ನು 12 ಅಂಗುಲ ಉದ್ದ, 6 ಅಂಗುಲ ಎತ್ತರಕ್ಕೆ ಕೊಯ್ದು ನಿಲ್ಲಿಸಿಕೊಳ್ಳಬೇಕು. ಕೆಳಗಿನ ಅಂಚು ಅದರ ಅಡಿ. ಅಡಿಯ ಹಿಂದಣ ಕೊನೆಯಲ್ಲಿ ಮಾತ್ರ ಕಾಲಂಗುಲದಷ್ಟು ಕೆಳಕ್ಕಿಳಿದ ಹಿಮ್ಮಡಿಯಿರಬೇಕು. ಅಡಿಯು ಹಲಗೆಯ ಮೇಲೆ ಉದ್ದಕ್ಕೂ ಕುಳಿತು ಅದನ್ನು ಮೇಜಿಗೆ ಒತ್ತುವುದು. ಹಿಮ್ಮಡಿಯು ಹಲಗೆಯ ಹಿಂದೆ ಸಿಕ್ಕಿಕೊಂಡು ಅದನ್ನು ಮುಂದಕ್ಕೆ ನೂಕುವುದು. ಹಿಮ್ಮಡಿಯ ಇಳಿತವು ಸೀಳುವ ಹಲಗೆಯ ದಪ್ಪಕ್ಕಿಂತ ಕಡಿಮೆಯಾಗಿರಬೇಕೆಂಬುದನ್ನು ಮರೆಯಬಾರದು. ಹೆಚ್ಚಾದರೆ ಅದು ಮೇಜಿಗೆ ತಗಲಿ, ಅಡಿಯು ಹಲಗೆಯ ಮೇಲೆ ಕುಳಿತುಕೊಳ್ಳುವುದಿಲ್ಲ. ಮೇಲ್ಭಾಗದಲ್ಲಿ ಕೈಗರಗಸದ ಹಿಡಿಯಂಥ ಹಿಡಿಯನ್ನು ಕೊಯ್ದರೆ ಕೈಯು ಬ್ಲೇಡಿಗಿಂತ ಎತ್ತರದಲ್ಲಿ ಭದ್ರವಾಗಿ ನಿಲ್ಲುವುದು.

ತೀರ ಕಿರಿದಾದ ರೀಪನ್ನು ಸೀಳುವಾಗ ಬ್ಲೇಡು ತಳ್ಳುಮಣೆಯ ಅಡಿಯನ್ನೂ ಕೊಯ್ಯುತ್ತ ಹೋಗಬಹುದು. ಅದರಿಂದ ಗಾಬರಿಪಡಬೇಕಾದುದಿಲ್ಲ. ಕೊಯ್ಯಿಸಿಕೊಳ್ಳುವುದಕ್ಕಾಗಿಯೇ ಅದು ಹುಟ್ಟಿರುವುದು. ಈ ಕಾರಣದಿಂದ ಅದರ ಕೆಳಭಾಗದಲ್ಲಿ ಮೊಳೆಯಾಗಲಿ ಸ್ಕ್ರೂ ಆಗಲಿ ಇರಕೂಡದು. ಹಿಮ್ಮಡಿಯನ್ನು ಬೇರೆಯಾಗಿ ಕೂಡಿಸುವುದಾದರೆ ಅಂಟಿನಿಂದಲೇ ಕೂಡಿಸಬೇಕು. ಅಡಿಯು ಗಾಯಗೊಂಡು ಸವೆದುಹೋದಾಗ ಅದನ್ನು ಒಲೆಗೆ ಹಾಕಿ ಹೊಸದೊಂದನ್ನು ಮಾಡಿಕೊಳ್ಳಬೇಕು. ಬೆರಳನ್ನು ಹಾಗೆ ಹೊಸದಾಗಿ ಮಾಡಿಕೊಳ್ಳಲಾಗದಷ್ಟೆ.

ಅಡಿಗೆ ರಬ್ಬರು ಅಂಟಿಸಿದ ಚಪ್ಪಟೆಯಾದ ತಳ್ಳುಮಣೆಗಳೂ ಉಂಟು. ಹಲಗೆಯ ಮುಖವನ್ನು ಸಮಮಾಡುವ ಪ್ಲೇನಿಂಗ್ ಯಂತ್ರದ ಮೇಲೆ ಇವು ಬಹಳ ಉಪಯುಕ್ತ. ಅಲ್ಲಿಯೂ ಬ್ಲೇಡುಗಳ ಮೇಲೆ ಬರಿಗೈ ಹಾಯುವುದನ್ನು ಇವು ತಪ್ಪಿಸುವುವು.

ಬಳಸುವ ಬಗೆ

ಬ್ರಿಟನ್ನಿನ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯುಟಿವ್ ಎಂಬ ಸರ್ಕಾರಿ ಸಂಸ್ಥೆಯು ಈ ವಿಷಯದಲ್ಲಿ ಸುಲಭವಾಗಿ ನೆನಪಿಡಬಹುದಾದ ಒಂದು ಸೂತ್ರವನ್ನು ಕೊಟ್ಟಿದೆ. ಸೀಳತಕ್ಕ ಉದ್ದವು 300 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಮೊದಲಿನಿಂದಲೂ, ಅದಕ್ಕಿಂತ ಹೆಚ್ಚಿದ್ದರೆ ಕೊನೆಯ 300 ಮಿಲಿಮೀಟರಿನಲ್ಲಿಯೂ ತಳ್ಳುಗೋಲನ್ನು ಬಳಸತಕ್ಕದ್ದು. ನಮ್ಮ ಲೆಕ್ಕದಲ್ಲಿ ಇದು ಒಂದಡಿ. ಇದನ್ನು ಪಾಲಿಸುವ ಸುಲಭೋಪಾಯವೊಂದುಂಟು. ಬ್ಲೇಡಿನ ಮುಂದೆ, ಎಂದರೆ ಕೆಲಸಗಾರನು ನಿಲ್ಲುವ ಕಡೆಗೆ, ಒಂದಡಿಯ ದೂರದಲ್ಲಿ ಮೇಜಿನ ಮೇಲೆ ಅಡ್ಡಲಾಗಿ ಕೆಂಪು ಗೆರೆಯನ್ನು ಎಳೆಯಬೇಕು. ಮೇಜು ಅಷ್ಟು ಉದ್ದವಿಲ್ಲದಿದ್ದರೆ ಅದರ ಅಂಚೇ ಗೆರೆಯೆಂದು ಭಾವಿಸಬೇಕು. ಯಂತ್ರವು ತಿರುಗುತ್ತಿರುವಷ್ಟು ಹೊತ್ತೂ ಮರವು ಆ ಗೆರೆಯನ್ನು ದಾಟಲಿ, ಕೈ ದಾಟದಿರಲಿ.

ಸ್ವಿಚ್ಚನ್ನು ಒತ್ತುವ ಮೊದಲೇ ಕೋಲು ಬಲಗೈಗೆ ಎಟಕುವಲ್ಲಿ ಇರಬೇಕು. ಬ್ಲೇಡು ತಿರುಗುತ್ತಿರುವಾಗ ಅರ್ಧ ಸೀಳಿದ ಹಲಗೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಕೋಲಿಗಾಗಿ ತಡಕಾಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಹಲಗೆಯ ಹಿಂದಣ ತುದಿಯು ಗೆರೆಯ ಬಳಿಗೆ ಬಂದಾಗ ಬಲಗೈಯಿಂದ ಕೋಲನ್ನು ತೆಗೆದುಕೊಂಡು, ಬ್ಲೇಡಿಗೂ ಗೈಡಿಗೂ ನಡುವೆ ಇರುವ ಭಾಗವನ್ನೇ ತಳ್ಳಬೇಕು. ಎಡಗೈ ಹಲಗೆಯನ್ನು ಗೈಡಿಗೆ ಒತ್ತುವ ಕೆಲಸವನ್ನು ಮಾಡುತ್ತಿದ್ದರೆ ಅದೂ ಗೆರೆಯ ಈಚೆಗೇ ಇರಬೇಕು. ಅಲ್ಲಿಂದ ಎಟಕದಿದ್ದರೆ ಆ ಕೈಗೂ ಒಂದು ಕೋಲನ್ನು ಕೊಡಬೇಕು. ಬ್ಲೇಡಿನ ಪಕ್ಕದಲ್ಲಿ ಒತ್ತಿದರೆ ಸೀಳು ಮುಚ್ಚಿಕೊಂಡು ಮರವು ಒದೆಯುವುದಾದುದರಿಂದ, ಒತ್ತುವುದು ಬ್ಲೇಡಿಗಿಂತ ಮೊದಲೇ ಆಗಬೇಕು.

ಹಲಗೆಯು ಬ್ಲೇಡಿನ ಹಿಂಭಾಗವನ್ನೂ ಪೂರ್ತಿಯಾಗಿ ದಾಟುವವರೆಗೆ ತಳ್ಳಿ ಮುಗಿಸಬೇಕು. ಬ್ಲೇಡಿಗೂ ಗೈಡಿಗೂ ಮಧ್ಯೆ ತುಂಡನ್ನು ಬಿಟ್ಟು ಕೈ ತೆಗೆದರೆ ಆ ತುಂಡೇ ಬಾಣವಾಗುವುದು. ಕೋಲನ್ನು ಹಿಂದಕ್ಕೆ ತರುವಾಗ ಬ್ಲೇಡಿನ ಮೇಲೆ ಹಾಯಿಸದೆ ಗೈಡಿನ ಪಕ್ಕದಿಂದಲೇ ತರಬೇಕು. ಅನಂತರ ಸ್ವಿಚ್ಚನ್ನು ಆರಿಸಿ, ಬ್ಲೇಡು ಪೂರ್ಣವಾಗಿ ನಿಂತ ಮೇಲೆ, ಸುತ್ತಲಿನ ಚೂರುಗಳನ್ನು ಕೋಲಿನಿಂದಲೇ ಸರಿಸಬೇಕು. ಸ್ವಿಚ್ಚು ಆರಿದ ಮೇಲೆಯೂ ಬ್ಲೇಡು ಕೆಲವು ಹೊತ್ತು ತನ್ನಷ್ಟಕ್ಕೆ ತಿರುಗುತ್ತಿರುವುದೆಂಬುದನ್ನು ಬಲ್ಲವರೂ ಮರೆಯುವರು.

ಕೋಲೊಂದೇ ಸಾಲದು

ತಳ್ಳುಗೋಲು ಇದೆಯೆಂದು ಉಳಿದ ಕಾವಲುಗಳನ್ನು ಕಿತ್ತುಹಾಕುವುದು ತಪ್ಪು. ಬ್ಲೇಡಿನ ಹಿಂದೆ ಅದರ ಸಾಲಿನಲ್ಲಿಯೇ ನಿಲ್ಲುವ ತೆಳ್ಳನೆಯ ಉಕ್ಕಿನ ತಗಡು ಸೀಳು ಮುಚ್ಚಿಕೊಳ್ಳದಂತೆ ತಡೆಯುವುದು. ಮರವು ಒದೆಯದಂತೆ ಕಾಯುವ ಮುಖ್ಯ ಸಾಧನವಿದು. ಬ್ಲೇಡಿನ ಮೇಲಣ ಮುಚ್ಚಳವು ಬೆರಳನ್ನೂ ಕಣ್ಣನ್ನೂ ಕಾಯುವುದು. ಬ್ಲೇಡನ್ನು ಹಲಗೆಯ ದಪ್ಪಕ್ಕಿಂತ ಒಂದು ಹಲ್ಲಿನಷ್ಟು ಮಾತ್ರ ಮೇಲೆತ್ತಬೇಕು. ಬ್ಲೇಡಿನ ನೇರದಲ್ಲಿ ನಿಲ್ಲದೆ ಕೊಂಚ ಪಕ್ಕಕ್ಕೆ ಸರಿದು ನಿಲ್ಲಬೇಕು. ಸಡಿಲವಾದ ತೋಳು, ಜೋಲುವ ಅಂಗವಸ್ತ್ರ, ಕಡಗ, ಉಂಗುರ, ಕೈಚೀಲ ಯಾವುದೂ ಬೇಡ. ಕೈಚೀಲದ ದಾರವು ಹಲ್ಲಿಗೆ ಸಿಕ್ಕಿದರೆ ಕೈಯನ್ನೇ ಒಳಗೆಳೆಯುವುದು.

ನಮ್ಮ ಮನೆಗಳಲ್ಲಿ ಕಾಣುವ ಮತ್ತೊಂದು ಪದ್ಧತಿಯನ್ನು ಇಲ್ಲಿ ಹೇಳದೆ ಇರಲಾರೆವು. ಅನೇಕ ಕೆಲಸಗಾರರಲ್ಲಿ ನಿಜವಾದ ಗರಗಸದ ಮೇಜಿರುವುದಿಲ್ಲ. ಕಲ್ಲು ಕೊಯ್ಯುವ ಮಾರ್ಬಲ್ ಕಟರಿಗೆ ಮರದ ಬ್ಲೇಡನ್ನು ಹಾಕಿ, ಪ್ಲೈವುಡ್ಡಿನ ತುಂಡಿನ ಅಡಿಯಲ್ಲಿ ತಲೆಕೆಳಗಾಗಿ ಬಿಗಿದು, ಅದನ್ನೇ ಮೇಜನ್ನಾಗಿ ಮಾಡಿಕೊಳ್ಳುವರು. ಈ ಚಿಕ್ಕ ಯಂತ್ರವು ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುವುದು. 110 ಮಿಲಿಮೀಟರಿನ ಬ್ಲೇಡಿನ ಅಂಚಿನ ವೇಗವು ಆಗ ಗಂಟೆಗೆ 240 ಕಿಲೋಮೀಟರನ್ನು ಮೀರುವುದು. ದೊಡ್ಡ ಯಂತ್ರಕ್ಕಿಂತಲೂ ಇದು ಹೆಚ್ಚು. ಹಿಂದಣ ತಗಡಿಲ್ಲ, ಮೇಲಣ ಮುಚ್ಚಳವಿಲ್ಲ, ಕೈಗೆಟಕುವ ಸ್ವಿಚ್ಚೂ ಇಲ್ಲ. ಇಂಥದನ್ನು ಬಳಸದಿರುವುದೇ ಉತ್ತಮ. ಬಳಸುವವರ ಮನಸ್ಸನ್ನು ಒಡನೆಯೇ ತಿರುಗಿಸಲು ಸಾಧ್ಯವಾಗದಿದ್ದಲ್ಲಿ ತಳ್ಳುಗೋಲನ್ನಾದರೂ ಅವರ ಕೈಯಲ್ಲಿರಿಸುವುದು ಕನಿಷ್ಠ ಕರ್ತವ್ಯ.

ಈಚಿನ ವರ್ಷಗಳಲ್ಲಿ ಬೆರಳು ತಗಲಿದೊಡನೆ ತಾನಾಗಿಯೇ ನಿಲ್ಲುವ ಯಂತ್ರವೂ ಬಂದಿದೆ. ಅಮೆರಿಕದ ಸ್ಟೀವ್ ಗ್ಯಾಸ್ ಎಂಬವರು 1999ರಲ್ಲಿ ಯೋಚಿಸಿದ ಸಾಸ್ಟಾಪ್ ಎಂಬ ಏರ್ಪಾಡಿನಲ್ಲಿ, ಬ್ಲೇಡಿಗೆ ಚರ್ಮವು ಸೋಕಿದರೆ ವಿದ್ಯುತ್ತಿನ ಸಂಜ್ಞೆ ಬದಲಾಗಿ, ಅಲ್ಯುಮಿನಿಯಮ್ ತುಂಡೊಂದು ಹಲ್ಲುಗಳಿಗೆ ಬಡಿದು, ಸೆಕೆಂಡಿನ ಇನ್ನೂರನೆಯ ಒಂದು ಪಾಲಿನೊಳಗೆ ಬ್ಲೇಡನ್ನು ನಿಲ್ಲಿಸಿಬಿಡುವುದು. ಇದು ಸ್ತುತ್ಯವಾದ ಕಲ್ಪನೆಯೇ ಸರಿ. ಆದರೆ ಇದರ ಬೆಲೆಯು ನಮ್ಮ ಆಚಾರ್ಯರಂಥವರಿಗೆ ಎಟಕುವಂಥದಲ್ಲ. ಅಂಥ ಯಂತ್ರದ ಮೇಲೆ ಕೆಲಸ ಮಾಡುವವರೂ ತಳ್ಳುಗೋಲನ್ನು ಬಿಡುವುದಿಲ್ಲವೆಂಬುದನ್ನೂ ಗಮನಿಸಬೇಕು.

ಎಷ್ಟೇ ಎಚ್ಚರದಿಂದಿದ್ದರೂ ಅನಾಹುತವಾದರೆ ಮಾಡತಕ್ಕುದನ್ನು ಮನೆಯವರೆಲ್ಲರೂ ತಿಳಿದಿರಬೇಕು. ಮೊದಲು ಯಂತ್ರವನ್ನು ಆರಿಸಿ, ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಬಲವಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲಕ್ಕೆತ್ತಿ ಹಿಡಿಯಬೇಕು. ಕಾಫಿಪುಡಿ, ಅರಿಸಿನ ಯಾವುದನ್ನೂ ತುಂಬಬಾರದು. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಡಬೇಕು. ಬೆರಳು ಮಂಜುಗಡ್ಡೆಗೆ ನೇರವಾಗಿ ತಗಲಕೂಡದು. ಗಾಯಾಳುವಿನೊಡನೆ ಅದನ್ನೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ದರೆ ಮತ್ತೆ ಕೂಡಿಸಲು ಸಾಧ್ಯವಾಗಬಹುದು. 108ಕ್ಕೆ ದೂರವಾಣಿ ಮಾಡಿದರೆ ಆಂಬುಲೆನ್ಸ್ ಬರುವುದು.

ಗೃಹಸ್ಥರ ಕರ್ತವ್ಯ

ಮನೆಗೆಲಸಕ್ಕೆ ಬಂದವರಿಗೆ ಕುಡಿಯಲು ನೀರು, ಹೊತ್ತಿಗೆ ಸರಿಯಾಗಿ ಕಾಫಿ ಕೊಡುವುದನ್ನು ನಾವು ಯಾರೂ ಮರೆಯುವುದಿಲ್ಲ. ಅದೇ ಔದಾರ್ಯದಿಂದ, ಮೊದಲ ದಿನ ಯಂತ್ರವನ್ನು ಹೂಡಿದಾಗಲೇ, "ತಳ್ಳುಗೋಲು ಎಲ್ಲಿದೆ?" ಎಂದು ಒಂದು ಮಾತು ಕೇಳಬೇಕು. ಇಲ್ಲವೆಂದರೆ ಮೊದಲು ಅದನ್ನು ಮಾಡಿಸಿ, ಆಮೇಲೆ ಬೀರುವಿನ ಕೆಲಸಕ್ಕೆ ಕೈಹಾಕಿಸಬೇಕು. ಅದಕ್ಕೆ ಹಿಡಿದ ಹೊತ್ತನ್ನು ಕೂಲಿಯಲ್ಲಿ ಕಳೆಯಬಾರದು. ಕೆಲಸವನ್ನು ಬೇಗ ಮುಗಿಸಿರೆಂದು ಸಂಜೆಯ ಹೊತ್ತಿನಲ್ಲಿ ಅವಸರಪಡಿಸುವವರೂ ನಾವೇ ಎಂಬುದನ್ನು ನೆನೆಯಬೇಕು. ಆಚಾರ್ಯರ ಕೈ ಹೋದುದು "ಕೊನೆಯದೊಂದು ಮುಗಿಸಿ ಏಳೋಣ" ಎಂಬ ಗಳಿಗೆಯಲ್ಲಿ. ಆ ಅವಸರವು ಯಾರದಾಗಿತ್ತೋ ಬಲ್ಲವರಾರು? ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯುಂಟು. ಕೆಸರಾಗುವುದಕ್ಕೂ ಮೊದಲು ಕೈ ಇರಬೇಕಲ್ಲವೆ?

ನಾವು ಆ ದಿನ ಆಚಾರ್ಯರೊಡನೆ ವಾದಕ್ಕೆ ಹೋಗಲಿಲ್ಲ. ಉಳಿಕೆಯ ಪ್ಲೈವುಡ್ಡಿನ ತುಂಡೊಂದನ್ನು ತೆಗೆದು, "ಇದರಲ್ಲಿ ಒಂದು ಕೋಲನ್ನು ಕೊಯ್ದುಕೊಡಿ, ಆಚಾರ್ರೇ, ನಮ್ಮ ಮನೆಯ ಕೆಲಸ ಮುಗಿಯುವವರೆಗೆ ಇದು ನಮ್ಮ ಆಸೆ," ಎಂದೆವು. ಅವರು ನಕ್ಕು, ಮೊಟಕು ಬೆರಳುಗಳಿಂದಲೇ ಗೆರೆ ಹಾಕಿ, ಕೈಗರಗಸದಿಂದ ಅದನ್ನು ಅಚ್ಚುಕಟ್ಟಾಗಿ ಕೊಯ್ದರು. ಬಾಗಿಲಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣವನ್ನು ಬಳಿದು, ಸುತಲಿಯಿಂದ ಮೇಜಿಗೆ ಕಟ್ಟಿದೆವು. ಮೊದಲ ದಿನ ಹುಡುಗನು ಅದನ್ನು ಎರಡು ಬಾರಿ ಮರೆತನು. ಎರಡು ಬಾರಿಯೂ ಜ್ಞಾಪಿಸಿದವರು ತಂದೆಯವರೇ. ಮೂರನೆಯ ದಿನದಿಂದ ಯಾರೂ ಜ್ಞಾಪಿಸಬೇಕಾಗಲಿಲ್ಲ. ಕೆಲಸ ಮುಗಿದು ಸಾಮಾನುಗಳನ್ನು ಗಾಡಿಗೆ ಏರಿಸಿದ ಮೇಲೆ ನೋಡಿದರೆ ಮೇಜಿದ್ದ ಸ್ಥಳದಲ್ಲಿ ಕತ್ತರಿಸಿದ ಸುತಲಿ ಮಾತ್ರ ಬಿದ್ದಿತ್ತು. ಹುಡುಗನು ಕೋಲನ್ನು ತನ್ನೊಡನೆ ಒಯ್ದಿದ್ದನು.